ಡೊಳ್ಳಪ್ಪನ ನಾಲ್ಕನೇ ಪಟ್ಟು

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು ಒಂದು ಕಪ್ಪೆಯನ್ನು ಉದ್ಧಾರ ಮಾಡಲಾರಳೇ? ಇದು ನನ್ನ ಪ್ರಶ್ನೆಯಾಗಿತ್ತು. ಖಂಡಿತ ಮಾಡಬಲ್ಲಳು ಎಂಬುದು ಉತ್ತರವಾಗಿತ್ತು. ಪ್ರಶ್ನೆ ಕೇಳಿದವಳೂ ಉತ್ತರ ಕೊಟ್ಟವಳೂ ನಾನೇ ಆಗಿದ್ದರಿಂದ ಚರ್ಚೆ ಬೇಗ ಮುಗಿಯಿತು.

ಕಪ್ಪೆ ಎಂದರೆ ಕೆರೆಯ ಕಪ್ಪೆಯಲ್ಲ. ಕಂಪ್ಯೂಟರಿನಲ್ಲಿ ವಿಚಿತ್ರ ಪ್ರಾಣಿಗಳನ್ನು ಕಾದಾಡಿಸುವ ಒಂದು ಆಟವಿತ್ತು. ಆಟಗಾರರಿಬ್ಬರು ಎಲ್ಲೆಲ್ಲೋ ಕುಳಿತು, ತಲಾ ಆರು ಪ್ರಾಣಿಗಳ ಪಡೆ ಕಟ್ಟಿಕೊಂಡು, ಇಂಟರ್ನೆಟ್ಟಿನ ಮೂಲಕ ಹಣಾಹಣಿ ಮಾಡಬಹುದಾಗಿತ್ತು. ಒಂದೊಂದು ಪ್ರಾಣಿಗೂ ಹತ್ತಾರು ಪಟ್ಟುಗಳು ಗೊತ್ತಿರುತ್ತವೆ, ಆದರೆ ಅಖಾಡಕ್ಕೆ ಇಳಿಯುವಾಗ ನಾಲ್ಕನ್ನು ಮಾತ್ರ ಒಯ್ಯಬೇಕು. ಯಾವ ನಾಲ್ಕು? ಇಡೀ ವಿದ್ಯೆ ಅಡಗಿರುವುದು ಇಲ್ಲೇ. ಪ್ರಪಂಚದ ಬೇರೆ ಬೇರೆ ಮೂಲೆಗಳ ಪಂಡಿತರು ಒಂದು ಜಾಲತಾಣದಲ್ಲಿ ಸೇರಿ ಈ ನಾಲ್ಕರ ಬಗ್ಗೆ ಶಾಸ್ತ್ರಚರ್ಚೆ ನಡೆಸುತ್ತಿದ್ದರು. ಪ್ರಾಣಿಗಳಿಗೆ ದರ್ಜೆಗಳನ್ನೂ ಕೊಟ್ಟಿದ್ದರು. ಮೇಲಿನ ದರ್ಜೆಯಲ್ಲಿ ಬೆಂಕಿ ಉಗುಳುವವರು, ಆಕಾಶಕ್ಕೆ ಹಾರುವವರು. ಕಟ್ಟಕಡೆಯ ದರ್ಜೆಯಲ್ಲಿ ಯಾರೂ ಮುಟ್ಟದವರು. ಆ ಯಾರೂ ಮುಟ್ಟದವರಲ್ಲೂ ಕೊನೆಯಲ್ಲಿ ನನ್ನ ಪ್ರಾಣಿ ಕುಳಿತಿತ್ತು: ಅರ್ಧ ಕಣ್ಣು ಮುಚ್ಚಿಕೊಂಡ, ಹೊಟ್ಟೆ ನೆಲಕ್ಕೆ ತಾಗುವ, ಮೈಯೆಲ್ಲ ಜಿಗುಟಾದ ಒಂದು ಕಪ್ಪೆಯಂಥದ್ದು. ಅದರ ಬಗ್ಗೆ ಪಂಡಿತರು ಬರೆದಿದ್ದು ಒಂದೇ ವಾಕ್ಯ. "ಬಳಸಬೇಡಿ."

ನನಗೆ ಅನ್ಯಾಯ ಸಹಿಸಲಾಗುವುದಿಲ್ಲ. ವಿಶೇಷವಾಗಿ ಲೆಕ್ಕ ಮಾಡದೆ ಮಾಡಿದ ಅನ್ಯಾಯ!

ಆಗ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಬ್ಯಾಡಗಿಯಿಂದ ಬಸ್ಸು ಹತ್ತಿ ಹೋಗಿ, ಮಧ್ಯಾಹ್ನ ಮರಳುತ್ತಿದ್ದೆ. ನಾನು ಹೆಚ್ಚು ಮಾತನಾಡುವವಳಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಕೇಳದ್ದನ್ನು ಹೇಳುವುದಿಲ್ಲ. ಇದನ್ನು ನಾನು ಸದ್ಗುಣವೆಂದು ತಿಳಿದಿದ್ದೆ. ಹಾಗಾಗಿ ಊರಿಗೆ ಮರಳಿದ ಮೇಲೆ ಮಹಡಿಯ ಕೋಣೆಯಲ್ಲಿ ಕುಳಿತು ನಾನು ಏನು ಮಾಡುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. "ಪಾಠಕ್ಕ ತಯಾರಿ ಮಾಡಾಕತ್ತಾಳ" ಎಂದು ಅವರೇ ಅಂದುಕೊಂಡಿದ್ದರು.

ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ರೈತರು ತಂದ ಮಾಲನ್ನು ಅಪ್ಪ ಖರೀದಿದಾರರಿಗೆ ಮಾರಿಸಿಕೊಡುತ್ತಾರೆ. ಅಂಗಡಿ ಕೆಳಗೆ, ಮನೆ ಮೇಲೆ, ಮಾರುಕಟ್ಟೆ ಎದುರಿಗೆ. ಅಂಗಡಿಯ ಲೆಕ್ಕಕ್ಕೆಂದು ಅಣ್ಣ ಕಂಪ್ಯೂಟರ್ ತಂದಿದ್ದ. ಅಪ್ಪ ಅದಕ್ಕೆ ಪೂಜೆ ಮಾಡಿ, ವಿಭೂತಿ ಬಳಿದು, ಇನ್ನು ಮುಂದೆ ಅದನ್ನು ಮುಟ್ಟಬಾರದೆಂದು ತೀರ್ಮಾನಿಸಿದ್ದರು. ಅದು ಮಹಡಿಗೆ ಬಂತು, ನನ್ನ ಪಾಲಿಗೆ ಬಂತು. ಬ್ರಾಡ್‌ಬ್ಯಾಂಡ್ ಎಂಬುದು ಆಗ ಹುಬ್ಬಳ್ಳಿಯವರೆಗೆ ಬಂದಿತ್ತು. ಬ್ಯಾಡಗಿಗೆ ಬರುವ ಬಸ್ಸು ಅದಕ್ಕೆ ಸಿಕ್ಕಿರಲಿಲ್ಲ. ನಮ್ಮದು ಫೋನಿನ ತಂತಿಯಿಂದಲೇ ಬರುವ, ಕಿರ್‍ರೋ ಎಂದು ಅರಚಿಕೊಂಡು ಶುರುವಾಗುವ ಇಂಟರ್ನೆಟ್ಟು. ಅದು ನಡೆಯುವಾಗ ಫೋನು ನಡೆಯುವುದಿಲ್ಲ. ಮನೆಗೂ ಅಂಗಡಿಗೂ ಇದ್ದದ್ದು ಒಂದೇ ಲೈನು. ಮೊಬೈಲು ಬಂದಿತ್ತಾದರೂ ಅಪ್ಪನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ವ್ಯಾಪಾರದ ಮಾತು ತಂತಿಯೊಳಗೇ ಹೋಗಬೇಕು, ಗಾಳಿಯಲ್ಲಿ ಬಿಟ್ಟರೆ ದಾರಿಯಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಾರೆ ಎನ್ನುತ್ತಿದ್ದರು.

ನನ್ನ ಗುಟ್ಟನ್ನು ಮೊದಲು ಹಿಡಿದವರು ವೈನಿ, ಅಂದರೆ ಅಣ್ಣನ ಹೆಂಡತಿ. ಚಹಾ ಕೊಡಲು ಬಂದವರು ಪರದೆಯನ್ನು ನೋಡಿ ನಿಂತೇ ಬಿಟ್ಟರು.

"ಕಾಲೇಜಿನ ಪಾಠ ಅಂದಿದ್ದಿ?"

"ಒಂದ್ ನಮೂನಿ ಪಾಠಾನ ವೈನಿ."

"ಪಾಠದಾಗ ಕಪ್ಪಿ ಯಾಕ ಕುಂತೈತಿ?"

"ಅದು ಕಪ್ಪಿ ಅಲ್ರಿ. ಕಾದಾಡೋ ಪ್ರಾಣಿ."

"ಇದು ಕಾದಾಡತೈತಿ? ಮದುವಿ ಊಟ ಮುಗಿಸಿ ಕಟ್ಟಿ ಮ್ಯಾಲ ಉಸ್ಸಂತ ಕುಂತವರಂಗ ಕಾಣತೈತಿ. ಹೊಟ್ಟಿ ನೋಡು! ಡೊಳ್ಳಪ್ಪ!"

ಅಂದಿನಿಂದ ಅದು ಡೊಳ್ಳಪ್ಪ. ಆಟದಲ್ಲೂ ಅದೇ ಹೆಸರು ಬರೆದೆ. ವೈನಿಗೆ ನಾಲ್ಕು ಪಟ್ಟುಗಳನ್ನು ವಿವರಿಸಿದೆ. ಡೊಳ್ಳಪ್ಪನಿಗೆ ಬಲವಿಲ್ಲ, ವೇಗವಿಲ್ಲ, ಆದರೆ ತಾಳ್ಮೆ ಇದೆ. ಆದ್ದರಿಂದ ಮೊದಲು ಎದುರಾಳಿಯ ಕಣ್ಣಿಗೆ ಕೆಸರು ಎರಚಬೇಕು, ಗುರಿ ತಪ್ಪಲಿ. ಆಮೇಲೆ ವಿಷ ಉಗುಳಬೇಕು. ಅದು ನಿಧಾನ ವಿಷ, ಸರದಿಯಿಂದ ಸರದಿಗೆ ಏರುತ್ತಾ ಹೋಗುತ್ತದೆ. ಅದು ಏರುವಷ್ಟು ಹೊತ್ತು ಡೊಳ್ಳಪ್ಪ ಮಲಗಬೇಕು. ಮಲಗಿದರೆ ಕಳೆದುಕೊಂಡ ಶಕ್ತಿಯೆಲ್ಲ ಮರಳಿ ಬರುತ್ತದೆ.

"ಕೆಸರು ಎರಚೂದು, ಉಗುಳೂದು, ಮಲಗೂದು," ವೈನಿ ಬೆರಳು ಮಡಚಿದರು. "ಇಷ್ಟ ಆದರ ನಮ್ಮ ಮನಿ ಗಂಡಸರಿಗೆಲ್ಲಾ ಬರತೈತಿ ಬಿಡು. ನಾಲ್ಕನೇದು?"

"ಸಿಡಿಯೂದು. ತನ್ನನ್ನ ತಾನ ಸಿಡಿಸಿಕೊಂಡು ಎದುರಿನದನ್ನೂ ಮುಗಸತೈತಿ."

"ಅಂದ್ರ ಇದೂ ಸಾಯತೈತಿ?"

"ಹೌದು. ಆದರ ಲೆಕ್ಕದ ಪ್ರಕಾರ ಲಾಭ ಐತಿ."

"ಸತ್ತ ಮ್ಯಾಲ ಲಾಭ ಯಾರು ತಗೋತಾರ ವಿದ್ಯಾ?"

ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರದಲ್ಲಿ ಉತ್ತರವಿದೆ. ನಡುವಿನ ಆಟದಲ್ಲಿ, ನಮ್ಮ ಪಡೆಯಲ್ಲಿ ಇನ್ನೂ ಪ್ರಾಣಿಗಳು ಉಳಿದಿರುವಾಗ, ಅವರದೊಂದಕ್ಕೆ ನಮ್ಮದೊಂದು ಕೊಟ್ಟು ಮುಂದೆ ಹೋಗುವುದು ಜಾಣತನ. ಡೊಳ್ಳಪ್ಪನೇ ಕೊನೆಯವನಾಗಿ ಉಳಿದಿದ್ದರೆ ಮಾತ್ರ ಆ ಪಟ್ಟನ್ನು ಮುಟ್ಟಬಾರದು, ಮುಟ್ಟಿದರೆ ನಾವೇ ಸೋತಂತೆ. ಇದನ್ನೆಲ್ಲ ವೈನಿಗೆ ಹೇಳಿದೆ. ಅವರು ಕಪ್ಪು-ಬಸಿ ತೆಗೆದುಕೊಂಡು ಹೋದರು.

ನಾನು ಪಂಡಿತರ ಜಾಲತಾಣಕ್ಕೆ ಒಂದು ಪ್ರಬಂಧ ಬರೆದೆ. ಡೊಳ್ಳಪ್ಪನ ಪರವಾಗಿ, ಸಂಭವನೀಯತೆಯ ಲೆಕ್ಕಗಳೊಂದಿಗೆ, ಅತ್ಯಂತ ಸಂಯಮದ ಇಂಗ್ಲಿಷಿನಲ್ಲಿ. ಒಪ್ಪಿದರೆ ಅದನ್ನು ತಾಣದಲ್ಲಿ ಪ್ರಕಟಿಸುತ್ತಾರೆ, "ಬಳಸಬೇಡಿ" ಎಂಬುದು ಅಳಿಸಿಹೋಗುತ್ತದೆ, ಅದರ ಕೆಳಗೆ ನನ್ನ ಗುಪ್ತನಾಮ ಬರುತ್ತದೆ. ನನ್ನ ಬದುಕಿನಲ್ಲಿ ನನಗೆ ಅಷ್ಟು ತೀವ್ರವಾಗಿ ಬೇಕಾಗಿದ್ದ ವಸ್ತುಗಳು ಬಹಳ ಕಡಿಮೆ. ಪದವಿ ಪಡೆದಾಗಲೂ ಹಾಗೆ ಎದೆ ಹೊಡೆದುಕೊಂಡಿರಲಿಲ್ಲ. ಪದವಿ ಎಲ್ಲರಿಗೂ ಕೊಡುತ್ತಾರೆ!

ಪ್ರಬಂಧಗಳನ್ನು ಪರೀಕ್ಷಿಸುವ ಹಿರಿಯ ಪಂಡಿತರ ಗುಪ್ತನಾಮದ ಅರ್ಥ ಹಳೇ ಬೂಟು. ಅಮೆರಿಕಾದವರು. ಶ್ರೀಯುತ ಹಳೇಬೂಟು ಅವರು ಉತ್ತರಿಸಿದರು: "ಸರ್, ನಿಮ್ಮ ಲೆಕ್ಕ ಸೊಗಸಾಗಿದೆ. ಆದರೆ ಕಾಗದದ ಮೇಲೆ ಎಲ್ಲ ಕಪ್ಪೆಗಳೂ ಗೆಲ್ಲುತ್ತವೆ. ಭಾನುವಾರ ರಾತ್ರಿ ಎಂಟಕ್ಕೆ ಬನ್ನಿ. ಈ ಪ್ರಾಣಿಯನ್ನು ಇಟ್ಟುಕೊಂಡು ನನ್ನನ್ನು ಒಮ್ಮೆ ಸೋಲಿಸಿ. ಪ್ರಕಟಿಸುತ್ತೇನೆ."

ನಾನು ಸರ್ ಅಲ್ಲ ಎಂದು ತಿಳಿಸಲಿಲ್ಲ. ಅವರು ಅದನ್ನು ಕೇಳಿರಲಿಲ್ಲ.

ಆ ಭಾನುವಾರ ದೈವವೇ ನನ್ನ ಕಡೆಗಿತ್ತು. ಅಪ್ಪ ಅವ್ವ ರಾಣೆಬೆನ್ನೂರಿಗೆ ಸಂಬಂಧಿಕರ ಮನೆಯ ಶುಭಕಾರ್ಯಕ್ಕೆ ಹೋಗಿದ್ದರು. ಅಪ್ಪ ತಡವಾಗಿ ಮರಳುವವರು, ಅವ್ವ ಅಲ್ಲೇ ಉಳಿಯುವವರು. ಅಣ್ಣ ಮಾಲಿನ ಲಾರಿಯ ಜೊತೆ ಹೋಗಿದ್ದ. ಅಂಗಡಿಗೆ ಬೀಗ. ಮಧ್ಯಾಹ್ನದ ಊಟವಾದ ಕೂಡಲೇ ನಾನು ಲೈನು ಹಿಡಿದು ಕುಳಿತೆ. ಎಂಟರವರೆಗೆ ಅಭ್ಯಾಸ ಮಾಡಿದೆ. ಒಮ್ಮೆ ಕಡಿದರೆ ಮತ್ತೆ ಸಿಗುವುದು ಕಷ್ಟವೆಂದು ನಡುವೆ ಬಿಡಲೇ ಇಲ್ಲ. ಎಂಟಾಯಿತು. ಹಳೇಬೂಟು ಬರಲಿಲ್ಲ. ದೊಡ್ಡವರು, ತಡವಾಗಬಹುದು ಎಂದು ಕಾದೆ. ಇನ್ನಷ್ಟು ಕಾದೆ. ವೈನಿ ರಾತ್ರಿಯ ಊಟಕ್ಕೆ ಕರೆದರು, ಹೋಗಲಿಲ್ಲ. ಕಡೆಗೆ ಜಾಲತಾಣದ ಮೂಲೆಯಲ್ಲಿದ್ದ ಗಡಿಯಾರದ ಮೇಲೆ ಕಣ್ಣು ಬಿತ್ತು. ಹಳೇಬೂಟು ಅವರ ಊರಿನಲ್ಲಿ ಆಗಿನ್ನೂ ಭಾನುವಾರದ ಬೆಳಗಾಗಿತ್ತು.

ಸೂರ್ಯ ಎಲ್ಲರಿಗೂ ಒಟ್ಟಿಗೆ ಮುಳುಗುವುದಿಲ್ಲ. ಇದನ್ನು ನಾವು ನಾಲ್ಕನೆಯ ತರಗತಿಯಲ್ಲಿ ಕಿತ್ತಳೆಹಣ್ಣು ಮತ್ತು ಮೇಣದಬತ್ತಿಯ ಸಹಾಯದಿಂದ ಕಲಿಯುತ್ತೇವೆ. ಸ್ನಾತಕೋತ್ತರ ಹಂತದಲ್ಲಿ ಕಿತ್ತಳೆಹಣ್ಣು ಕೊಡುವುದಿಲ್ಲ!

ಅವರ ಭಾನುವಾರ ರಾತ್ರಿ ಎಂದರೆ ನಮ್ಮ ಸೋಮವಾರ ಬೆಳಿಗ್ಗೆ. ಸರಿ, ಬೆಳಿಗ್ಗೆ ಆಡಿದರಾಯಿತು, ಕಾಲೇಜಿಗೆ ರಜೆ ಹಾಕಿದರಾಯಿತು ಎಂದುಕೊಂಡು ಮಲಗಿದೆ. ಬ್ಯಾಡಗಿಯಲ್ಲಿ ಸೋಮವಾರ ಎಂದರೆ ಮಾರುಕಟ್ಟೆಯ ದಿನ. ಹುಟ್ಟಿದಾಗಿನಿಂದ ನನಗದು ಗೊತ್ತು. ಆ ರಾತ್ರಿ ಮಾತ್ರ ಗೊತ್ತಿರಲಿಲ್ಲ.

ನನಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯೂ ನಡೆದಿತ್ತು. ಮಾರುಕಟ್ಟೆಯ ಹಿಂದಿನ ಸಂಜೆ ಹಳ್ಳಿಗಳ ರೈತರು ದಲಾಲರಿಗೆ ಫೋನು ಮಾಡುತ್ತಾರೆ. ನಾಳೆ ಪೇಟೆ ಹೇಗಿದೆ, ಮಾಲು ತರಬಹುದೇ ಎಂದು ಕೇಳುತ್ತಾರೆ. ಎಲ್ಲ ಅಂಗಡಿಗಳ ಫೋನೂ ನಡುನಡುವೆ ಎಂಗೇಜ್ ಬರುವುದು ಸಹಜ. ಆದರೆ ಒಂದು ಅಂಗಡಿಯ ಫೋನು ಮಧ್ಯಾಹ್ನದಿಂದ ರಾತ್ರಿಯವರೆಗೆ ಬಿಡದೆ ಎಂಗೇಜ್ ಬಂದರೆ? ಲೈನು ಕೆಟ್ಟಿದೆ ಎಂದು ಬೇರೆ ಊರಿನವರು ತಿಳಿಯಬಹುದು. ನಮ್ಮ ಕಡೆಯವರು ಹಾಗೆ ತಿಳಿಯುವುದಿಲ್ಲ. ಹೊರಗಿನ ದೊಡ್ಡ ಖರೀದಿ ಪಾರ್ಟಿಯೊಂದು ಆ ದಲಾಲರ ಜೊತೆ ದರ ಮಾತಾಡುತ್ತಿದೆ, ನಾಳೆ ಅಲ್ಲಿ ರೇಟು ಏರುತ್ತದೆ ಎಂದು ತಿಳಿಯುತ್ತಾರೆ. ಈ ತಿಳಿವಳಿಕೆ ಅಗಡಿಯಲ್ಲಿ ಹುಟ್ಟಿ, ಮೋಟೆಬೆನ್ನೂರು ಕ್ರಾಸಿನಲ್ಲಿ ಚಹಾ ಕುಡಿದು, ದೇವರಗುಡ್ಡದ ಆಚೆಗೆ ಹೋಗಿ ಮಲಗಿತ್ತಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಸೋಮವಾರ ನಸುಕಿನಲ್ಲೆದ್ದು, ಕೆಳಗಿಳಿದು, ಮುಂಜಾಗ್ರತೆಯ ಒಂದು ಕ್ರಮ ಕೈಗೊಂಡೆ. ಅಂಗಡಿಯ ಫೋನನ್ನು ಯಾರಾದರೂ ಎತ್ತಿದರೆ ನನ್ನ ಇಂಟರ್ನೆಟ್ಟು ಕಡಿದುಹೋಗುತ್ತದೆ. ಕಂಡವರು ಟ್ರಂಕಾಲ್ ಮಾಡಬಾರದೆಂದು ಹಿಂದೆ ಅಪ್ಪ ಆ ಫೋನಿಗೊಂದು ಕಟ್ಟಿಗೆಯ ಪೆಟ್ಟಿಗೆ ಮಾಡಿಸಿದ್ದರು. ಫೋನನ್ನು ಅದರೊಳಗಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ನನ್ನ ಬಳಿ ಇಟ್ಟುಕೊಂಡೆ. ನನ್ನ ದೂರದೃಷ್ಟಿಗೆ ನಾನೇ ತಲೆದೂಗಿದೆ.

ಹಳೇಬೂಟು ಅವರು ಸಮಯಕ್ಕೆ ಸರಿಯಾಗಿ ಬಂದರು. ಆಟ ಶುರುವಾಯಿತು.

ಅವರು ಪಳಗಿದ ಕೈ. ನನ್ನ ಮೊದಲ ಪ್ರಾಣಿ ಬೇಗ ಮಣ್ಣುಮುಕ್ಕಿತು. ನಾನು ಅವರ ಒಂದನ್ನು ಕೆಡವಿದೆ, ಅವರು ನನ್ನ ಎರಡನ್ನು ಕೆಡವಿದರು. ಕೆಳಗೆ ಬೀದಿಯಲ್ಲಿ ಟೆಂಪೊ ನಿಂತ ಸದ್ದಾಯಿತು. ಇನ್ನೊಂದು. ಆಮೇಲೆ ಒಂದು ಟ್ರ್ಯಾಕ್ಟರು. ಸೋಮವಾರವಲ್ಲವೇ, ಬಂದಿರಬೇಕು ಎಂದುಕೊಂಡೆ. ಆಗ ನೆನಪಾಯಿತು: ಸೋಮವಾರ!

ವೈನಿ ಓಡಿ ಬಂದರು. "ವಿದ್ಯಾ, ಕೆಳಗ ಬೀದಿ ತುಂಬ ಗಾಡಿ! ನಮ್ಮ ಅಂಗಡಿ ಮುಂದ ಅಷ್ಟ! ಮಾವಾರು ಚಾ ಕುಡದು ಬಂದು ನೋಡಿ ಗಾಬರಿ ಆಗ್ಯಾರ."

"ಯಾಕಂತ?"

"ಅವರಿಗೂ ಗೊತ್ತಿಲ್ಲ. ಫೋನಿನ ಕೀಲಿಕೈ ಎಲ್ಲೈತಿ ಅಂತ ಕೇಳಾಕತ್ತಾರ."

ನಾನು ಉತ್ತರಿಸುವಷ್ಟರಲ್ಲಿ ಕೆಳಗಿನಿಂದ ಒಂದು ಗಟ್ಟಿ ದನಿ ಕೇಳಿಸಿತು. ಅಗಡಿಯ ಬಸವಂತಪ್ಪನವರು. ಅಪ್ಪನ ಅಂಗಡಿಗೇ ಮಾಲು ತರುವ ಹಳೆಯ ರೈತರು, ಮೂರು ಊರಿಗೆ ಕೇಳುವಂತೆ ಗುಟ್ಟು ಹೇಳುವವರು.

"ನೋಡ್ರಪಾ, ಫೋನಿಗೆ ಕೀಲಿ ಜಡದಾರ! ನಾ ಏನಂದಿದ್ದೆ? ಮಾತು ಇನ್ನೂ ನಡದೈತಿ, ಮ್ಯಾಲ ಮಾಳಿಗ್ಯಾಗ! ಸಾವ್ಕಾರ್ರು ಗೊತ್ತಿಲ್ಲ ಅಂತಾರ. ಗೊತ್ತಿಲ್ಲ ಅನ್ನಾಕ ಬೇಕಲ್ಲಪಾ, ಅದ ವ್ಯಾಪಾರ!"

ಅಪ್ಪ ಮೇಲೆ ಬಂದರು. ಬಾಗಿಲಲ್ಲಿ ನಿಂತು, ವಿಭೂತಿ ಹಚ್ಚಿದ ಕಂಪ್ಯೂಟರನ್ನೂ ನನ್ನನ್ನೂ ನೋಡಿದರು. ನನ್ನ ಕಣ್ಣು ಪರದೆಯ ಮೇಲಿತ್ತು. ಹಳೇಬೂಟು ಅವರ ಪಡೆಯಲ್ಲಿ ಎರಡು, ನನ್ನದರಲ್ಲಿ ಎರಡು ಉಳಿದಿದ್ದವು. ಅವುಗಳಲ್ಲೊಂದು ಡೊಳ್ಳಪ್ಪ.

"ವಿದ್ಯಾ, ನಿನ್ನಿಯಿಂದ ಲೈನ್ ಹಿಡದಾಕಿ ನೀನ ಏನು?"

"ಹೌದಪ್ಪಾ."

"ಯಾರ ಜೋಡಿ? ಎಲ್ಲಿಯವ ಅವ?"

"ಅಮೆರಿಕಾದವರು."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ದನಿ ತಗ್ಗಿಸಿ ಕೇಳಿದರು. "ಒಪ್ಪತಾನೇನು?"

"ಗೆದ್ದರ ಒಪ್ಪತೇನಿ ಅಂದಾರ."

"ಎಷ್ಟೊತ್ತು ಆಗತೈತಿ?"

"ಮುಗಿಯಾಕ ಬಂದೈತಿ ಅಪ್ಪಾ. ಈಗ ಮಾತಾಡಸಬ್ಯಾಡ್ರಿ."

ಪ್ರತಿಯೊಂದು ಉತ್ತರವೂ ಅಕ್ಷರಶಃ ಸತ್ಯ. ನ್ಯಾಯಾಲಯದಲ್ಲಿ ನಿಲ್ಲುವಂಥದ್ದು. ಅಪ್ಪ ತುದಿಗಾಲಿನಲ್ಲಿ ಮೆಟ್ಟಿಲಿಳಿದು ಹೋದರು. ನನ್ನ ಅಪ್ಪ ತುದಿಗಾಲಿನಲ್ಲಿ ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೆಳಗೆ ಅವರು ಏನು ಹೇಳಿದರೋ ಕೇಳಿಸಲಿಲ್ಲ. ಬಸವಂತಪ್ಪನವರು ಹೇಳಿದ್ದು ಕೇಳಿಸಿತು.

"ಅಮೆರಿಕಾ! ಪಾರ್ಟಿ ಅಮೆರಿಕಾದ್ದು! ಚೀಲ ಇಳಸ್ರಪಾ ಲಗೂ!"

ವೈನಿ ಕಿಟಕಿಯಿಂದ ಬಗ್ಗಿ ನೋಡಿ, ಸೆರಗು ಬಾಯಿಗಿಟ್ಟುಕೊಂಡು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದ ದನಿಯಲ್ಲಿ, "ಹೇಳಿಬಿಡಲೇನ ಖರೇ ಏನಂತ?" ಎಂದರು.

"ಒಂದ್ ಸ್ವಲ್ಪ ತಡೀರಿ ವೈನಿ. ಡೊಳ್ಳಪ್ಪ ಇಳದಾನ."

ಹೌದು. ನನ್ನ ಉಳಿದ ಐದೂ ಪ್ರಾಣಿಗಳು ಮುಗಿದಿದ್ದವು. ಹಳೇಬೂಟು ಅವರದೂ ಒಂದೇ ಉಳಿದಿತ್ತು. ರೆಕ್ಕೆ, ಕೊಂಬು, ಬೆಂಕಿ ಎಲ್ಲ ಇರುವ, ಮೇಲಿನ ದರ್ಜೆಯ ದೊರೆ. ಅದರ ಎದುರು ಅರ್ಧ ಕಣ್ಣು ಮುಚ್ಚಿದ ನನ್ನ ಡೊಳ್ಳಪ್ಪ.

ಮೊದಲು ಕೆಸರು ಎರಚಿದೆ. ದೊರೆಯ ಬೆಂಕಿ ಗುರಿ ತಪ್ಪಿ ಪಕ್ಕಕ್ಕೆ ಹೋಯಿತು. ವಿಷ ಉಗುಳಿದೆ. ತಗುಲಿತು! ಆಮೇಲೆ ಡೊಳ್ಳಪ್ಪ ಮಲಗಿದ. ದೊರೆ ಸುಟ್ಟ, ಕೊಂಬಿನಿಂದ ಇರಿದ, ಅರ್ಧಕ್ಕರ್ಧ ಏಟು ಗಾಳಿಗೆ ಹೋಯಿತು. ಡೊಳ್ಳಪ್ಪ ಎದ್ದ, ಮತ್ತೆ ಕೆಸರು ಎರಚಿದ, ಮತ್ತೆ ಮಲಗಿದ. ವಿಷ ಏರುತ್ತಲೇ ಇತ್ತು. ಹಳೇಬೂಟು ಅವರು ಒಂದು ಸಂದೇಶ ಕಳಿಸಿದರು: "ಸರ್, ನಂಬಲಾಗುತ್ತಿಲ್ಲ." ವೈನಿ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಕೆಳಗೆ ಏನಾಗುತ್ತಿದೆ ಎಂಬುದನ್ನು ಅವರೂ ಮರೆತಿದ್ದರು.

"ಹೊಡಿ ಡೊಳ್ಳಪ್ಪಾ!"

"ಹೊಡಿಯೂ ಹಂಗಿಲ್ಲ ವೈನಿ. ಮಲಗಬೇಕು."

"ಹಂಗಾರ ಮಲಗೋ ನಮ್ಮಪ್ಪಾ!"

ಡೊಳ್ಳಪ್ಪ ಆಗಷ್ಟೇ ಎಚ್ಚರಗೊಂಡಿದ್ದ. ದೊರೆಯ ಶಕ್ತಿ ಒಂದು ಎಳೆಯಷ್ಟು ಉಳಿದಿತ್ತು. ಇನ್ನೊಂದೇ ಸರದಿ. ಈ ಸಲ 'ಮಲಗು' ಒತ್ತಿದರೆ ಸಾಕು, ಸರದಿಯ ಕೊನೆಗೆ ವಿಷವೇ ದೊರೆಯನ್ನು ಮುಗಿಸುತ್ತದೆ. ಪರದೆಯ ಮೇಲೆ ನಾಲ್ಕು ಪಟ್ಟುಗಳ ನಾಲ್ಕು ಗುಂಡಿಗಳು ಸಾಲಾಗಿದ್ದವು. ಅವನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದು ಆಟಗಾರರ ಇಷ್ಟ. ನಾನು ಬಹಳ ವಿಚಾರ ಮಾಡಿ, ತರ್ಕಬದ್ಧವಾಗಿ, ಮೂರನೆಯದು 'ಮಲಗು', ನಾಲ್ಕನೆಯದು 'ಸಿಡಿ' ಎಂದು ಪಕ್ಕಪಕ್ಕದಲ್ಲಿ ಇಟ್ಟಿದ್ದೆ.

ಮೌಸನ್ನು 'ಮಲಗು' ಕಡೆಗೆ ಒಯ್ದೆ. ಆಗ ಬಾಗಿಲು ಧಡ್ ಎಂದು ತೆರೆಯಿತು.

ಬಸವಂತಪ್ಪನವರು! ಬಗಲಿನಲ್ಲಿ ಟವೆಲು, ಬೊಗಸೆ ತುಂಬ ಕೆಂಪು ಕೆಂಪು ಮೆಣಸಿನಕಾಯಿ. ಹಿಂದೆ ಅಪ್ಪ, ಅವರ ಹಿಂದೆ ಮೆಟ್ಟಿಲುದ್ದಕ್ಕೂ ರೈತರ ತಲೆಯ ರುಮಾಲುಗಳು.

"ತಂಗೀ, ಅವಗ ಬರೇ ಬಾಯಿಲೆ ಹೇಳಿದರ ಏನು ತಿಳೀತೈತಿ? ಮಾಲು ತೋರಸಬೇಕು!" ಎಂದವರೇ ನನ್ನ ಪಕ್ಕಕ್ಕೆ ಬಂದು, ಒಂದು ಕಾಯಿಯನ್ನು ಕಂಪ್ಯೂಟರಿನ ಪರದೆಗೆ ಹಿಡಿದರು. "ನೋಡ್ರಿ ಸಾಹೇಬ್ರ, ಡಬ್ಬಿ ಜಾತಿ ಕಾಯಿ! ನಿರಿಗಿ ನೋಡ್ರಿ! ಬಣ್ಣ ನೋಡ್ರಿ! ಹಿಂಗ್ ಮುರದರ ಕುಂಕುಮ ಉದರತೈತಿ!"

ಮುರಿದರು. ನನ್ನ ಮೂಗಿನ ಎದುರಿಗೇ ಮುರಿದರು. ಒಣಗಿ ಗರಿಗರಿಯಾಗಿದ್ದ ಕಾಯಿ ಟಪ್ ಎಂದು ಬಿಚ್ಚಿಕೊಂಡು, ಬೀಜವೂ ಪುಡಿಯೂ ಗಾಳಿಗೆ ಹಾರಿದವು.

ಬ್ಯಾಡಗಿಯಲ್ಲಿ ಹುಟ್ಟಿದವರು ಮೆಣಸಿನಕಾಯಿಗೆ ಸೀನುವುದಿಲ್ಲ ಎಂಬ ಮಾತಿದೆ. ಹುಟ್ಟಿದ ಮೇಲೆ ಓದಿಗೆಂದು ಐದು ವರ್ಷ ಧಾರವಾಡದ ಹಾಸ್ಟೆಲಿನಲ್ಲಿದ್ದರೆ ಏನಾಗುತ್ತದೆ ಎಂಬ ಬಗ್ಗೆ ಮಾತಿಲ್ಲ. ನಾನು ಸೀನಿದೆ. ಅದು ಸಂಯಮದ ಸೀನಾಗಿರಲಿಲ್ಲ. ಇಷ್ಟು ವರ್ಷ ಮಾತನಾಡದೆ ಉಳಿಸಿದ್ದೆಲ್ಲ ಒಮ್ಮೆಲೇ ಹೊರಬಂದಂತಿತ್ತು. ತಲೆ ಮುಂದಕ್ಕೆ ಹೋಯಿತು, ಕೈ ಬಲಕ್ಕೆ ಹೋಯಿತು, ಬೆರಳು ಒತ್ತಿತು.

ಕಣ್ಣು ತೆರೆದಾಗ ಡೊಳ್ಳಪ್ಪ ಸಿಡಿಯುತ್ತಿದ್ದ.

ಬಹಳ ಚೆನ್ನಾಗಿ ಸಿಡಿದ. ಪರದೆಯೆಲ್ಲ ಬೆಳ್ಳಗಾಯಿತು. ದೊರೆಯೂ ಬಿದ್ದ. ಆದರೆ ನಿಯಮದ ಪ್ರಕಾರ ಸಿಡಿದವನು ಮೊದಲು ಸತ್ತಂತೆ, ಪಡೆ ಮೊದಲು ಬರಿದಾದವರು ಸೋತಂತೆ. ಆ ನಿಯಮವನ್ನು ನನ್ನ ಪ್ರಬಂಧದಲ್ಲಿ ನಾನೇ ವಿವರವಾಗಿ ಬರೆದಿದ್ದೆ!

"ಏನಂತಾನ?" ಎಂದರು ಬಸವಂತಪ್ಪನವರು.

ಹಳೇಬೂಟು ಅವರು ಮೂರು ಪ್ರಶ್ನಾರ್ಥಕ ಚಿಹ್ನೆಗಳನ್ನು ಕಳಿಸಿದ್ದರು. ಅದನ್ನು ಅನುವಾದಿಸುವುದು ಹೇಗೆ? ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು. ನಾನು ಎದ್ದು ನಿಂತೆ. ಅಪ್ಪನ ಮುಖ ನೋಡಿದೆ. ಮೆಟ್ಟಿಲ ತುಂಬ ನಿಂತಿದ್ದ ರುಮಾಲುಗಳನ್ನು ನೋಡಿದೆ. ಅಷ್ಟು ಜನ ನನ್ನನ್ನು ಒಟ್ಟಿಗೆ ನೋಡಿದ್ದು ನನ್ನ ತೊಟ್ಟಿಲು ಕಾರ್ಯದಲ್ಲಿ ಮಾತ್ರ ಇರಬೇಕು. ಯಾರೂ ಕೇಳದಿದ್ದ ಸಂಗತಿಯನ್ನು ಆಗ ನಾನಾಗಿ ಹೇಳಿದೆ.

"ಪಾರ್ಟಿ ಇಲ್ಲರಿ. ಇದು ಆಟ. ಪ್ರಾಣಿ ಕಾದಾಡಸೋ ಆಟ. ನಿನ್ನಿಯಿಂದ ಲೈನ್ ಹಿಡದದ್ದು ಅದಕ್ಕರಿ. ನಂದ ತಪ್ಪು."

ಬಸವಂತಪ್ಪನವರು ಕೈಯಲ್ಲಿದ್ದ ಕಾಯಿಗಳನ್ನು ನೋಡಿಕೊಂಡರು. ಪರದೆಯನ್ನು ನೋಡಿದರು. ಆಮೇಲೆ ಕೇಳಿದರು. "ಆಟದಾಗ ಗೆದ್ರ್ಯೋ ಇಲ್ಲೋ?"

"ಇಲ್ಲರಿ."

"ಯಾರ ಕೂಡ?"

"ಅಮೆರಿಕಾದವರ ಕೂಡ."

"ಅಯ್ಯ! ನಿನ್ನಿ ಮಧ್ಯಾನದಿಂದ ಫೋನ್ ಹಿಡಕೊಂಡು, ಕೀಲಿ ಹಾಕ್ಕೊಂಡು, ಕಡೀಕ ಸೋತ್ರೇನು?"

ದರದ ಆಸೆ ಹುಸಿಯಾದದ್ದಕ್ಕಿಂತ ಇದೇ ಅವರಿಗೆ ಹೆಚ್ಚು ನೋವು ಕೊಟ್ಟಂತೆ ಕಂಡಿತು. ತಿರುಗಿ ಮೆಟ್ಟಿಲ ಕಡೆ ಕೂಗಿ ಹೇಳಿದರು. "ಸೋತಾಳಂತಪಾ!" ಸುದ್ದಿ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. "ಸೋತಾಳಂತ", "ಸೋತ್ಲಂತ", "ಹೋತಂತ". ಬೀದಿಯಲ್ಲಿ ಯಾರೋ "ಛೇ, ಛೇ" ಎಂದದ್ದು ಮಹಡಿಗೆ ಕೇಳಿಸಿತು.

ಇಳಿಸಿದ ಚೀಲಗಳನ್ನು ಮತ್ತೆ ಹೇರುವ ಹುಮ್ಮಸ್ಸು ಯಾರಿಗೂ ಇರಲಿಲ್ಲ. ರಾಶಿಗಳು ನಮ್ಮ ಅಂಗಡಿಯ ಮುಂದೆಯೇ ಉಳಿದವು. ಒಂದೇ ಕಡೆ ಅಷ್ಟು ಮಾಲು ಬಿದ್ದದ್ದು ಕಂಡು ಖರೀದಿದಾರರು ತಾವೇ ಬಂದು ನೋಡಿದರು. ರೇಟು ಹಿಂದಿನ ಪೇಟೆಯಂತೆಯೇ ನಿಂತಿತು, ಏರಲೂ ಇಲ್ಲ, ಇಳಿಯಲೂ ಇಲ್ಲ. ಸಂಜೆ ನಾನು ಪೆಟ್ಟಿಗೆಯ ಕೀಲಿಕೈ ತಂದುಕೊಟ್ಟಾಗ ಅಪ್ಪ ಟೋಪಿ ತೆಗೆದು ತಲೆ ಸವರಿಕೊಂಡರು.

"ಅಲ್ಲವ್ವಾ, ನಾ ಬಂದು ಕೇಳಿದಾಗ ಆಟ ಅಂತ ಒಂದ್ ಮಾತು ಅನ್ನಾಕ ಏನಾಗಿತ್ತು?"

"ನೀವು ಯಾರ ಜೋಡಿ ಅಂತ ಕೇಳಿದ್ರಿ ಅಪ್ಪಾ. ಏನು ಮಾಡಾಕತ್ತೀ ಅಂತ ಕೇಳಲಿಲ್ಲ."

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದರು. "ನಿನ್ನ ಪಾಠ ಆ ಹುಡುಗೋರಿಗೆ ಹೆಂಗ ತಿಳೀತೈತಿ?" ಎಂದರು. ತಿಳಿಯುತ್ತಿರಲಿಲ್ಲ. ಆ ವಿಷಯವನ್ನು ಅವರು ಮೊದಲ ಸಲ ಕೇಳಿದ್ದರಿಂದ, ನಾನು ಸತ್ಯವನ್ನೇ ಹೇಳಿದೆ.

ಪ್ರಬಂಧದ ಆಸೆಯನ್ನು ನಾನು ಬಿಟ್ಟಿದ್ದೆ. ಜಾಲತಾಣದ ಕಡೆ ಮುಖ ಹಾಕಲಿಲ್ಲ. ವೈನಿಯೇ ಒಂದು ದಿನ, "ನಮ್ಮ ಡೊಳ್ಳಪ್ಪ ಏನಾದ ನೋಡು" ಎಂದು ಹಟ ಹಿಡಿದು ಕೂರಿಸಿದರು. ಈ ಸಲ ಅಪ್ಪನನ್ನು ಕೇಳಿ, ಪೇಟೆಯಿಲ್ಲದ ದಿನ ನೋಡಿ, ಲೈನು ಹಿಡಿದೆವು.

ಡೊಳ್ಳಪ್ಪನ ಪುಟ ಬದಲಾಗಿತ್ತು! "ಬಳಸಬೇಡಿ" ಎಂಬುದು ಅಳಿಸಿಹೋಗಿತ್ತು. ನನ್ನ ಮೂರು ಪಟ್ಟುಗಳು, ನನ್ನ ಲೆಕ್ಕಗಳು, ಕೆಳಗೆ ನನ್ನ ಗುಪ್ತನಾಮ. ನಾಲ್ಕನೆಯ ಪಟ್ಟು ಮಾತ್ರ ಬೇರೆಯಿತ್ತು. ಅದರ ಕೆಳಗೆ ಹಳೇಬೂಟು ಅವರ ಟಿಪ್ಪಣಿ: "ಈ ಪ್ರಾಣಿ ನನ್ನನ್ನು ಸೋಲಿಸಿಯೇಬಿಟ್ಟಿತ್ತು. ಗೆಲುವಿಗೆ ಒಂದು ಸರದಿ ಇರುವಾಗ ಅದನ್ನು ಸಿಡಿಸಿದವರು ಅದರ ಯಜಮಾನರು. ಕಾರಣ ಇಂದಿಗೂ ತಿಳಿದಿಲ್ಲ. ಪ್ರಾಣಿಯಲ್ಲಿ ದೋಷವಿಲ್ಲವೆಂದು ಖಚಿತವಾದ್ದರಿಂದ ಅದನ್ನು ಒಂದು ದರ್ಜೆ ಮೇಲೇರಿಸಲಾಗಿದೆ. ಅದಕ್ಕೆ ಇಂಥ ಯಜಮಾನರು ಸಿಗದಂತೆ ನೋಡಿಕೊಳ್ಳಿ."

"ಏನಂತ ಬರದಾರ?" ಎಂದು ವೈನಿ ಕೇಳಿದರು.

ಕನ್ನಡದಲ್ಲಿ ಓದಿ ಹೇಳಿದೆ, ಒಂದು ಪದವನ್ನೂ ಬಿಡದೆ.

ವೈನಿ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದರು. "ಡೊಳ್ಳಪ್ಪ ಮ್ಯಾಲ ಹೋದರ, ಕಡೀ ದರ್ಜೆದಾಗ ಈಗ ಯಾರದಾರ?"

ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಪದ್ಧತಿ. ಈ ಸಲ ಮಾತ್ರ ಎದ್ದು ಹೋಗಿ ಚಹಾಕ್ಕಿಟ್ಟೆ!